ಓದದೆ ಸಹಿ ಹಾಕೆವು

(ನಿಪ್ಪಾಣಿಯಲ್ಲಿ ಕಾಮಗಾರರು ಮತ್ತು ಚಿಕ್ಕ ವ್ಯಾಪಾರಿಗಳು ಕೂಡಿ ನಡೆಸುವ ಇಂಗ್ಲಿಷ್ ರಾತ್ರಿ ವರ್ಗದ ಆರಂಭದ ದಿನ ಮಾಡಿದ ಭಾಷಣ)



ಇಂದು ಇಲ್ಲಿ ಕೂಡಿದವರಲ್ಲಿ ಬೀಡಿ ಕಟ್ಟುವ ಅಕ್ಕಂದಿರು ಇದ್ದಾರೆ, ತಂಬಾಕಿನ ವಖಾರಿಯಲ್ಲಿ ದುಡಿಯುವವರು ಇದ್ದಾರೆ. ರಾಯಬಾಗ ಮತ್ತು ಉಗಾರದ ಕಡೆಯಿಂದ ಸಕ್ಕರೆ ಕಾರಖಾನೆಯ ಕಾಮಗಾರರು ಬಂದಿದ್ದಾರೆ. ಇಚಲಕರಂಜಿಯ ಮಗ್ಗಗಳಿಗೆ ಹೋಗಿ ಬರುವವರು ಇದ್ದಾರೆ. ಚಿಕ್ಕೋಡಿಯ ಕಿರಾಣಿ ಅಂಗಡಿಯವರು, ಅಥಣಿಯ ಚಪ್ಪಲಿ ಹೊಲಿಯುವವರು, ಕಾಗವಾಡದಿಂದ ಬಸ್ಸು ಹಿಡಿದು ಬಂದ ತರುಣರು ಇದ್ದಾರೆ. ಪಾಳಿ ಮುಗಿಸಿ, ಅಂಗಡಿಯ ಕದ ಹಾಕಿ, ಉಂಡವರು ಉಂಡು, ಉಣ್ಣದವರು ಹಾಗೆಯೇ ಬಂದು ಕುಳಿತಿದ್ದೀರಿ. ಆದುದರಿಂದ ಅಲಂಕಾರದ ಮಾತುಗಳಿಂದ ನಿಮ್ಮ ಹೊತ್ತು ಕಳೆಯುವದು ನ್ಯಾಯವಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ಈ ವರ್ಗ ಯಾಕೆ ಆರಂಭವಾಯಿತು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಬಳಗದ ಚಿಕ್ಕ ವ್ಯಾಪಾರಿಯೊಬ್ಬರು ಗೆಳೆಯನೊಬ್ಬ ಸಾಲ ತೆಗೆಯುವಾಗ ಅವನ ಜೊತೆಗೆ ಹೋದರು. ಅಲ್ಲಿದ್ದ ಗುಮಾಸ್ತ ಒಂದು ಕಾಗದ ಮುಂದಿಟ್ಟು, "ಇಲ್ಲೊಂದು ಸಹಿ ಹಾಕ್ರಿ ಕಾಕಾ" ಎಂದ. "ಏನ್ರೀ ಇದು?" ಎಂದು ಕೇಳಿದರು. "ಏನಿಲ್ರೀ, ನಿಮ್ಮ ದೋಸ್ತರ ಸಲುವಾಗಿ ಒಂದು ಸಹಿ" ಎಂಬ ಉತ್ತರ ಬಂತು. ಸಾಕ್ಷಿಯ ಸಹಿ ಇರಬೇಕೆಂದು ತಿಳಿದು ಹಾಕಿದರು. ಮೂರು ವರ್ಷದ ಮೇಲೆ ಅವರ ಮನೆಗೇ ನೋಟೀಸು ಬಂತು. ಕಾಗದದಲ್ಲಿ ಅವರ ಹೆಸರಿನ ಮೇಲೆ ಇಂಗ್ಲಿಷಿನಲ್ಲಿ 'ಗ್ಯಾರಂಟರ್' ಎಂದಿತ್ತು. ಸಾಕ್ಷಿಗೆ ಇಂಗ್ಲಿಷಿನಲ್ಲಿ 'ವಿಟ್ನೆಸ್' ಎನ್ನುತ್ತಾರೆ. 'ಗ್ಯಾರಂಟರ್' ಎಂದರೆ ಜಾಮೀನುದಾರ. 1872ರ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಒಂದು ಶಬ್ದದ ಬೆಲೆ ಎಷ್ಟು ಎಂಬುದನ್ನು ಆ ಕುಟುಂಬ ಇನ್ನೂ ಕಂತುಕಂತಾಗಿ ತೀರಿಸುತ್ತಲಿದೆ.

ಅವರು ನಿರಕ್ಷರಿಗಳಾಗಿರಲಿಲ್ಲ. ಏಳನೆಯ ಇಯತ್ತೆ ಓದಿದವರು. ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಬಲ್ಲವರು. ಅಕ್ಷರ ಗೊತ್ತಿತ್ತು, ಶಬ್ದ ಗೊತ್ತಿರಲಿಲ್ಲ. "ಇದರರ್ಥ ಹೇಳಿದ ಮೇಲೆ ಸಹಿ ಹಾಕತೇನ್ರಿ" ಎನ್ನುವ ಧೈರ್ಯ ಇರಲಿಲ್ಲ. ಈ ಎರಡು ಕೊರತೆಗಳನ್ನು ತುಂಬುವದಕ್ಕಾಗಿ ನಾವು ಇಲ್ಲಿ ಕೂಡಿದ್ದೇವೆ.

ಆದರೆ ಹೊರಗೆ ಕೆಲವರು ನಮ್ಮನ್ನು ಹಂಗಿಸುತ್ತಾರೆ. "ನೀವು ಸಮಾಜವಾದಿಗಳು. ಲೋಹಿಯಾ ಅವರು 1957ರಲ್ಲಿ ಇಂಗ್ಲಿಷನ್ನು ತೊಲಗಿಸಬೇಕೆಂದು ಚಳವಳಿ ಹೂಡಿದರು. ಶಾಂತವೇರಿ ಗೋಪಾಲಗೌಡರು ಕನ್ನಡ ಆಡಳಿತ ಭಾಷೆಯಾಗಬೇಕೆಂದು ಹೋರಾಡಿದರು. ನೀವು ಮಾತ್ರ ಕಾಮಗಾರರಿಗೆ ಇಂಗ್ಲಿಷು ಕಲಿಸಹೊರಟಿರಿ!" ಎನ್ನುತ್ತಾರೆ. ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗಲಾಗದು.

ಲೋಹಿಯಾ ಅವರು 1929ರಲ್ಲಿ ಬರ್ಲಿನ್ನಿಗೆ ಓದಲು ಹೋದಾಗ ಅವರಿಗೆ ಜರ್ಮನ್ ಬರುತ್ತಿರಲಿಲ್ಲ. ಅಲ್ಲಿ ವಿದ್ಯೆಯ ಭಾಷೆ ಜರ್ಮನ್. ಹತ್ತೊಂಬತ್ತರ ಆ ತರುಣ ಕೆಲವೇ ತಿಂಗಳಲ್ಲಿ ಅದನ್ನು ಕಲಿತು, ಭಾರತದ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹದ ಮೇಲೆ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದ. ಅವರ ವಿರೋಧ ಒಂದು ಭಾಷೆಯನ್ನು ಕಲಿಯುವದರ ಬಗ್ಗೆ ಇರಲಿಲ್ಲ. ಕೋಟಿ ಕೋಟಿ ಜನರಿಗೆ ತಿಳಿಯದ ಭಾಷೆಯಲ್ಲಿ ಕೆಲವರು ಕಚೇರಿ, ಕೋರ್ಟು, ಶಾಲೆಗಳನ್ನು ನಡೆಸಿ ಉಳಿದವರನ್ನು ಹೊರಗೆ ನಿಲ್ಲಿಸುವದರ ಬಗ್ಗೆ ಇತ್ತು. ಆ ವಿರೋಧ ನಮ್ಮದೂ ಹೌದು. ಆ ಬಾಗಿಲು ಒಡೆಯುವ ಕೆಲಸ ನಡೆಯಲಿ. ಆದರೆ ಒಡೆಯುವ ತನಕ ಒಳಗೆ ನಮ್ಮ ಹೆಸರಿನ ಮೇಲೆ ಏನು ಬರೆಯುತ್ತಿದ್ದಾರೆ ಎಂಬುದನ್ನು ಓದಬಲ್ಲವರು ನಮ್ಮಲ್ಲಿ ಇರಬೇಕಲ್ಲವೇ?

ಇದೇ ನಿಪ್ಪಾಣಿಗೆ 1925ರಲ್ಲಿ ಡಾಕ್ಟರ್ ಅಂಬೇಡಕರರು ಬಹಿಷ್ಕೃತರ ಪರಿಷತ್ತಿಗಾಗಿ ಬಂದಿದ್ದರು. ಅವರು ತಮ್ಮ ಜನರಿಗಾಗಿ ಮರಾಠಿಯಲ್ಲಿ ಪತ್ರಿಕೆ ನಡೆಸಿದರು. ಸರಕಾರದೆದುರು, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ, ಇಂಗ್ಲಿಷಿನಲ್ಲಿ ವಾದಿಸಿದರು. ಜನರ ಭಾಷೆಯಿಂದ ಜನರನ್ನು ಎಚ್ಚರಿಸಿದರು, ಆಳುವವರ ಭಾಷೆಯಿಂದ ಆಳುವವರನ್ನು ಕಟ್ಟಿಹಾಕಿದರು. ದುಡಿಯುವವನಿಗೆ ಎರಡು ಕೈ ಇರುವಾಗ ಒಂದನ್ನು ಕಟ್ಟಿಕೊಂಡು ಕುಸ್ತಿಗೆ ಇಳಿಯಬೇಕೆಂದು ಯಾರೂ ಹೇಳಲಾರರು.

ಇನ್ನೂ ಒಂದು ಮಾತು. ಈ ಸೀಮೆಯನ್ನು ಒಂದು ಕಾಲಕ್ಕೆ ವಿಜಾಪುರದ ಆದಿಲಶಾಹಿ ಆಳಿತು. ಆಗ ದೊಡ್ಡ ದರಬಾರದ ಭಾಷೆ ಪಾರಸಿ. ಆ ಆಳಿಕೆ ಹೋಗಿ ಮುನ್ನೂರು ವರ್ಷಗಳ ಮೇಲಾಯಿತು. ಆದರೆ ಅರ್ಜಿ, ವಕೀಲ, ಜಮೀನು, ಜಾಮೀನು, ತಾಲೂಕು, ಜಿಲ್ಲೆ — ಇವೆಲ್ಲ ಪಾರಸಿ-ಅರಬಿಯ ಮನೆಯಿಂದ ಬಂದು ನಮ್ಮ ಮನೆಯ ಮಾತುಗಳಾಗಿವೆ. ದೊರೆತನ ಹೋಯಿತು, ಶಬ್ದಗಳು ನಮ್ಮ ಚಾಕರಿಗೆ ಉಳಿದವು. ಇಂಗ್ಲಿಷನ್ನೂ ಹೀಗೆಯೇ ಚಾಕರಿಗೆ ಇಟ್ಟುಕೊಳ್ಳಬೇಕು. ನಾವು ಅದರ ಚಾಕರಿಗೆ ನಿಲ್ಲಬಾರದು.

ಚಾಕರಿಗೆ ಇಟ್ಟುಕೊಳ್ಳದಿದ್ದರೆ ಏನಾಗುತ್ತದೆ, ನೋಡೋಣ. 29 ಕಾಮಗಾರ ಕಾಯ್ದೆಗಳನ್ನು ಕೂಡಿಸಿ ಕೇಂದ್ರ ಸರಕಾರ 4 ಸಂಹಿತೆಗಳನ್ನು ಮಾಡಿತು. 2025ರ ನವೆಂಬರ್ 21ರಿಂದ ಅವು ಜಾರಿಗೆ ಬಂದವು. ಬೀಡಿ ಕಾಮಗಾರರಿಗೆಂದೇ ಇದ್ದ 1966ರ ಕಾಯ್ದೆಯೂ ಅವುಗಳಲ್ಲಿ ಕರಗಿಹೋಯಿತು. ನಮ್ಮ ಅಕ್ಕಂದಿರ ಕೈಗೆ ಸಂಬಂಧಪಟ್ಟ ಕಾನೂನು ಬದಲಾಯಿತು. ಎಷ್ಟು ಜನ ಅಕ್ಕಂದಿರು ಅದನ್ನು ಓದಿದರು? ಸಂವಿಧಾನದ 348ನೆಯ ಕಲಮಿನಿಂದಾಗಿ ಉಚ್ಚ ನ್ಯಾಯಾಲಯದ ವ್ಯವಹಾರ ಇಂದಿಗೂ ಇಂಗ್ಲಿಷಿನಲ್ಲಿ. 2008ರಿಂದ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಪೀಠ ಕೂಡುತ್ತಿದೆ. ಬೆಂಗಳೂರಿನ ದಾರಿ ಉಳಿಯಿತು, ನ್ಯಾಯಾಲಯ ಹತ್ತಿರ ಬಂತು. ಭಾಷೆ ಮಾತ್ರ ಹತ್ತಿರ ಬರಲಿಲ್ಲ.

ಅಥಣಿಯ ಸಂಗಾತಿಗಳು ತಮ್ಮ ಮಾತನ್ನು ತಾವೇ ಹೇಳಬಹುದು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ 4 ಜಿಲ್ಲೆ. ಅವುಗಳಲ್ಲಿ ನಮ್ಮ ಬೆಳಗಾವಿಯೂ ಒಂದು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ತನ್ನ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿಯನ್ನು ತೋರಿಸಿತು. ವಿವರದಲ್ಲಿ ಅದು ಬರಿಯ ಚರ್ಮದ ಚಪ್ಪಲಿ ಮಾತ್ರ. ಹೊಲಿದ ಊರಿನ ಹೆಸರಿಲ್ಲ, ಕೈಯ ಹೆಸರಿಲ್ಲ. ದೊಡ್ಡ ಗದ್ದಲವಾದ ಮೇಲೆ, ಇದಕ್ಕೆ ಭಾರತದ ಕುಶಲಕರ್ಮಿಗಳ ಚಪ್ಪಲಿಯೇ ಪ್ರೇರಣೆ ಎಂದು ಒಪ್ಪಿಕೊಂಡರು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದಮಾಡುವದು ಯಾರಿಗೆ ಗೊತ್ತೋ ಅವರಿಗೆ ಅದನ್ನು ಹೊರಗಿನ ಗಿರಾಕಿಗೆ ಹೇಳುವ ಹತ್ತು ವಾಕ್ಯ ಗೊತ್ತಿಲ್ಲ. ಹತ್ತು ವಾಕ್ಯ ಗೊತ್ತಿದ್ದ ದಲಾಲನಿಗೆ ಚರ್ಮ ಹದಮಾಡುವದು ಗೊತ್ತಿಲ್ಲ. ಆದರೆ ಲಾಭದ ಹೆಚ್ಚಿನ ಪಾಲು ಯಾರ ಗಲ್ಲೆಗೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು.

ಇಷ್ಟು ಸಾಕು. ಇನ್ನು ಕಲಿಯುವದು ಹೇಗೆ ಎಂಬ ಪ್ರಶ್ನೆ.

"ನಮಗ ವಯಸ್ಸಾತ್ರಿ, ಇನ್ನ ಇಂಗ್ಲಿಷು ಎಲ್ಲಿ ತಲಿಗೆ ಹತ್ತತೈತಿ?" ಎಂದು ಒಬ್ಬ ಅಕ್ಕ ಕೇಳಿದರು. ನಾವು ಅವರನ್ನೇ ಕೇಳಿದೆವು: "ಅಕ್ಕಾರ, ಮರಾಠಿ ಬರತೈತೇನ್ರಿ?" "ಬರತೈತ್ರಿ." "ಯಾವ ಸಾಲ್ಯಾಗ ಕಲ್ತ್ರಿ?" ಅವರು ನಕ್ಕುಬಿಟ್ಟರು. ಈ ಸೀಮೆಯಲ್ಲಿ ಕನ್ನಡದವರು ಮರಾಠಿ ಆಡುತ್ತಾರೆ, ಮರಾಠಿಯವರು ಕನ್ನಡ ಆಡುತ್ತಾರೆ, ಇಬ್ಬರಿಗೂ ಉರ್ದುವಿನಲ್ಲಿ ವ್ಯಾಪಾರ ಮಾಡಲು ಬರುತ್ತದೆ. ವ್ಯಾಕರಣದ ಪುಸ್ತಕ ತೆರೆಯದೆ ಸಂತೆಯಲ್ಲಿ, ವಖಾರಿಯಲ್ಲಿ, ಮದುವೆಯ ಮನೆಯಲ್ಲಿ ಕಲಿತ ಭಾಷೆಗಳಿವು. ಎರಡು-ಮೂರು ಭಾಷೆ ಕಲಿತ ತಲೆಗೆ ಇನ್ನೊಂದು ಭಾರವಾಗುವದಿಲ್ಲ. ಜೋಸೆಫ್ ಕಾನ್ರಾಡ್ ಎಂಬ ಪೋಲೆಂಡಿನ ನಾವಿಕ ಇಪ್ಪತ್ತು ದಾಟಿದ ಮೇಲೆ ಹಡಗಿನಲ್ಲಿ ದುಡಿಯುತ್ತ ಇಂಗ್ಲಿಷು ಕಲಿತು, ಮುಂದೆ ಆ ಭಾಷೆಯ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬನಾದ. ಆದರೆ ಅವನ ಉಚ್ಚಾರದಲ್ಲಿ ಪೋಲೆಂಡು ಕೊನೆಯತನಕ ಹೋಗಲಿಲ್ಲ. ನಮ್ಮ ಉಚ್ಚಾರದಲ್ಲಿ ಚಿಕ್ಕೋಡಿ ಉಳಿದರೆ ಏನೂ ನಷ್ಟವಿಲ್ಲ. ಕೇಳಿದವನಿಗೆ ತಿಳಿದರೆ ಸಾಕು.

ಎಷ್ಟು ಶಬ್ದ ಬೇಕು? ವ್ಯಾಪಾರಿಗಳು ಲೆಕ್ಕ ಕೇಳುವದು ಸಹಜ. ಮೈಕೇಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಬಹುಕಾಲ ಕೆಲಸ ಮಾಡಿದರು. ಬಂಗಾಲದ ಹುಡುಗರು ಎಂದೂ ಉಪಯೋಗಕ್ಕೆ ಬಾರದ ಶಬ್ದಗಳನ್ನು ಉರುಹೊಡೆಯುವದನ್ನು ಕಂಡು, ಹೆಚ್ಚು ಹೆಚ್ಚು ಬಳಕೆಯಾಗುವ ಶಬ್ದಗಳನ್ನು ಮೊದಲು ಕಲಿಸಬೇಕೆಂದು ಹೇಳಿದರು. 1953ರಲ್ಲಿ ಅವರು ಪ್ರಕಟಿಸಿದ ಯಾದಿಯಲ್ಲಿ ಸುಮಾರು 2,000 ಮೂಲ ಶಬ್ದಗಳಿವೆ. ಸಾಮಾನ್ಯ ಬರಹದಲ್ಲಿ ನೂರಕ್ಕೆ ಸುಮಾರು 80 ಶಬ್ದಗಳು ಈ ಯಾದಿಯ ಒಳಗಿನವೇ. ಪತ್ರಿಕೆ-ಪುಸ್ತಕಗಳನ್ನು ಎಲ್ಲಿಯೂ ತಡೆಯಿಲ್ಲದೆ ಓದಬೇಕಾದರೆ 8ರಿಂದ 9 ಸಾವಿರ ಶಬ್ದಕುಟುಂಬಗಳು ಬೇಕೆಂದು ನ್ಯೂಜಿಲೆಂಡಿನ ಪಾಲ್ ನೇಶನ್ 2006ರಲ್ಲಿ ಲೆಕ್ಕ ಹಾಕಿದರು. ಅದು ದೂರದ ಊರು. ನಮ್ಮ ಮೊದಲ ನಿಲ್ದಾಣ ಆ 2,000.

ದಿನಕ್ಕೆ 5 ಹೊಸ ಶಬ್ದ, ವಾರಕ್ಕೆ 6 ದಿನ. ವಾರಕ್ಕೆ 30, ವರ್ಷಕ್ಕೆ 1,560. ಮಧ್ಯೆ ಜಾತ್ರೆ, ಜಡ್ಡು, ಮದುವೆ, ಕಬ್ಬಿನ ಹಂಗಾಮಿನ ರಾತ್ರಿಪಾಳಿಗಳನ್ನು ಕಳೆದರೂ ಒಂದೂವರೆ ಎರಡು ವರ್ಷದಲ್ಲಿ ನಿಲ್ದಾಣ ಮುಟ್ಟುತ್ತೇವೆ. ಅದಲ್ಲದೆ ನಮ್ಮ ಕೈಯಲ್ಲಿ ಮುಂಗಡವೂ ಇದೆ. ಬಿಲ್ಲು, ರೇಟು, ಚೆಕ್ಕು, ಬಾಯ್ಲರು, ಪಂಪು, ಫ್ಯೂಜು, ಗ್ರೇಡು, ಓವರ್‌ಟೈಮು, ನೋಟೀಸು, ಅಪೀಲು. ಈ ಕೋಣೆಯಲ್ಲಿ ಕುಳಿತವರೆಲ್ಲರ ಬಾಯಲ್ಲಿರುವ ಇಂಥ ಶಬ್ದಗಳನ್ನು ಬರೆದರೆ ಹಲವು ಪುಟ ತುಂಬುತ್ತವೆ. ಮೊದಲ ವಾರ ನಾವು ಹೊಸದೇನನ್ನೂ ಕಲಿಯುವದಿಲ್ಲ. ಈ ಹಳೆಯ ಆಸ್ತಿಯನ್ನು ಎಣಿಸುತ್ತೇವೆ.

ಆದರೆ ನೆನಪಿಡಿರಿ, ಬಾಯಲ್ಲಿದ್ದ ಶಬ್ದವೂ ಕಾಗದದ ಮೇಲೆ ಬೇರೆ ಅರ್ಥ ಕೊಡಬಹುದು. 'ಇಂಟರೆಸ್ಟ್' ಎಂದರೆ ಆಸಕ್ತಿ ಎಂದು ಶಾಲೆಯ ಮಗು ಹೇಳುತ್ತದೆ. ಸಾಲದ ಕಾಗದದಲ್ಲಿ ಅದು ಬಡ್ಡಿ. 'ಬ್ಯಾಲೆನ್ಸ್' ಎಂದರೆ ಸೈಕಲ್ಲಿನ ತೋಲ. ಪಾಸ್‌ಬುಕ್ಕಿನಲ್ಲಿ ಅದು ಶಿಲ್ಕು. ಪಗಾರದ ಚೀಟಿಯಲ್ಲಿ 'ಗ್ರಾಸ್' ಎಂದರೆ ಒಟ್ಟು ದುಡಿಮೆ, 'ಡಿಡಕ್ಷನ್' ಎಂದರೆ ಕಡಿತ, 'ನೆಟ್' ಎಂದರೆ ಕೈಗೆ ಬರುವ ರೊಕ್ಕ. ಕಾಮಗಾರ ಕೆಲಸ ಬಿಡುವಾಗ ಮುಂದಿಡುವ ಕಾಗದದಲ್ಲಿ 'ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್' ಎಂದಿದ್ದರೆ, ನನ್ನ ಬಾಕಿಯೆಲ್ಲ ತೀರಿತು, ಇನ್ನೇನೂ ಕೇಳುವದಿಲ್ಲ ಎಂದು ನೀವು ಒಪ್ಪಿದಂತೆ. ಆ ನಾಲ್ಕು ಶಬ್ದ ತಿಳಿಯದೆ ಹಾಕಿದ ಸಹಿಯಿಂದ ಹಲವು ವರ್ಷದ ದುಡಿಮೆಯ ಬಾಕಿಗೆ ಕುತ್ತು ಬರಬಹುದು.

ಸಣ್ಣ ಶಬ್ದಗಳನ್ನು ಹಗುರವಾಗಿ ಕಾಣಬೇಡಿರಿ. ಕರಾರಿನಲ್ಲಿ 'ಶಲ್' ಎಂದಿದ್ದರೆ ಸಾಮಾನ್ಯವಾಗಿ ಮಾಡಲೇಬೇಕು ಎಂದರ್ಥ. 'ಮೇ' ಎಂದಿದ್ದರೆ ಮಾಡಬಹುದು, ಬಿಡಬಹುದು. 'ಮಾಲಕನು ಕೊಡತಕ್ಕದ್ದು' ಮತ್ತು 'ಮಾಲಕನು ಕೊಡಬಹುದು' ಇವುಗಳ ನಡುವೆ ಒಂದು ಮುಷ್ಕರದಷ್ಟು ಅಂತರವಿದೆ. 'ಅನ್‌ಲೆಸ್' ಎಂದರೆ 'ಅಲ್ಲದಿದ್ದರೆ'. ಆ ಒಂದು ಶಬ್ದ ಇಡೀ ವಾಕ್ಯವನ್ನು ತಿರುಗಿಸಿ ನಿಲ್ಲಿಸುತ್ತದೆ.

ಶಬ್ದಗಳನ್ನು ಒಂಟಿಯಾಗಿ ಕಲಿಯದೆ ಕುಟುಂಬವಾಗಿ ಕಲಿಯಿರಿ. 'ಪೇ' ಎಂದರೆ ಕೊಡು. 'ಪೇಯ್ಡ್' ಕೊಟ್ಟಾಯಿತು, 'ಅನ್‌ಪೇಯ್ಡ್' ಕೊಟ್ಟಿಲ್ಲ, 'ಪೇಯಬಲ್' ಕೊಡಬೇಕಾದದ್ದು, 'ಪೇಮೆಂಟ್' ಕೊಟ್ಟ ಹಣ, 'ರಿಪೇ' ಮರಳಿ ಕೊಡು. ಬೇರು ಒಂದು, ಟೊಂಗೆ ಐದು. ಚೆಕ್ಕಿನ ಮೇಲಿನ 'ಪೇಯೀ' ಯಾರು? ಹಣ ಪಡೆಯುವವನು. 'ಪೇಯರ್' ಯಾರು? ಕೊಡುವವನು. ಹಾಗೆಯೇ 'ಎಂಪ್ಲಾಯರ್' ಎಂದರೆ ಕೆಲಸಕ್ಕೆ ಇಟ್ಟುಕೊಂಡವನು, 'ಎಂಪ್ಲಾಯೀ' ಎಂದರೆ ಕೆಲಸಕ್ಕೆ ಇದ್ದವನು. ನೋಡಿರಿ, ಇಂಗ್ಲಿಷಿನಲ್ಲಿ ಮಾಲಕನಿಗೂ ಕಾಮಗಾರನಿಗೂ ಇರುವ ಭೇದ ಬಾಲದಲ್ಲಿ ಅಡಗಿದೆ! ಆ ಬಾಲ ಹಿಡಿದರೆ ಇನ್ನೂ ಹತ್ತಾರು ಶಬ್ದಗಳ ಗುಟ್ಟು ಬಿಡುತ್ತದೆ.

ಇನ್ನು ಮರೆವು. "ಇವತ್ತು ಕಲ್ತದ್ದು ನಾಳಿಗಿ ಇರೂದಿಲ್ರಿ" ಎಂಬುದು ಎಲ್ಲರ ದೂರು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಶಾಸ್ತ್ರಜ್ಞ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪುಸ್ತಕ ಬರೆದ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಕೆಲವು ತಾಸುಗಳಲ್ಲಿ, ಮೊದಲ ದಿನದಲ್ಲಿ ಸೋರಿಹೋಗುತ್ತದೆ, ಆಮೇಲೆ ಸೋರುವದು ನಿಧಾನವಾಗುತ್ತದೆ ಎಂದು ಅವನು ಕಂಡ. ಆದುದರಿಂದ ಮರೆವು ನಿಮ್ಮ ದಡ್ಡತನವಲ್ಲ, ಮನುಷ್ಯನ ಸ್ವಭಾವ. ಸೋರುವ ಮೊದಲೇ ಮತ್ತೆ ತುಂಬಬೇಕು. ಹೇಗೆಂಬುದನ್ನು ಅಂಗಡಿಕಾರರು ಬಲ್ಲರು. ನಿಮ್ಮ ಉದ್ರಿ ಪುಸ್ತಕ ನೆನೆಯಿರಿ. ಹೊತ್ತಿಗೆ ಸರಿಯಾಗಿ ಕೊಡುವ ಗಿರಾಕಿಯ ಮನೆಗೆ ನೀವು ದಿನಾಲು ಹೋಗುವದಿಲ್ಲ, ತಿಂಗಳಿಗೊಮ್ಮೆ ಕಂಡರೆ ಸಾಕು. ತಪ್ಪಿಸಿಕೊಳ್ಳುವವನ ಮನೆಗೆ ದಿನಾಲು ಹೋಗುತ್ತೀರಿ. ಶಬ್ದಗಳಿಗೂ ಹಾಗೆಯೇ ಒಂದು ಉದ್ರಿ ಪುಸ್ತಕ ಇಡಿರಿ. ಐದು ಭಾಗ ಮಾಡಿರಿ: ದಿನಾಲು ಕೇಳುವದು, ಮೂರು ದಿನಕ್ಕೊಮ್ಮೆ ಕೇಳುವದು, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ. ಕೇಳಿದಾಗ ಬಂದ ಶಬ್ದ ಮುಂದಿನ ಭಾಗಕ್ಕೆ ಹೋಗಲಿ; ಬಾರದ ಶಬ್ದ ಮತ್ತೆ ಮೊದಲಿನದಕ್ಕೆ ಬರಲಿ. 1972ರಲ್ಲಿ ಲೈಟ್ನರ್ ಎಂಬ ಜರ್ಮನ್ ಬರಹಗಾರ ಪೆಟ್ಟಿಗೆಯಲ್ಲಿ ಚೀಟಿಗಳನ್ನಿಟ್ಟು ಹೇಳಿದ ವಿಧಾನವೂ ಇದೇ. ಬೀಡಿ ಕಟ್ಟುವವರಿಗೆ ಇನ್ನೂ ಸುಲಭ: 25 ಚೀಟಿಗೆ ಒಂದು ಕಟ್ಟು. ಎಣಿಸುವ ಗೋಜಿಲ್ಲ, ಕೈಗೇ ಗೊತ್ತು.

ಶಬ್ದ ಸಂಗ್ರಹವಾದ ಮಾತ್ರಕ್ಕೆ ಮಾತು ಬರುವದಿಲ್ಲ. ವಖಾರಿಯಲ್ಲಿ ಮಾಲು ತುಂಬಿದ್ದರೂ ಕದಕ್ಕೆ ಕೀಲಿ ಹಾಕಿದ್ದರೆ ಗಿರಾಕಿ ಬರಿಗೈಯಲ್ಲಿ ಹೋಗುತ್ತಾನೆ. ಈ ಕೀಲಿಗಳು ಎರಡು. ಒಂದು, ಕನ್ನಡದ ವಾಕ್ಯವನ್ನು ಶಬ್ದಕ್ಕೆ ಶಬ್ದ ಇಟ್ಟು ಇಂಗ್ಲಿಷು ಮಾಡಹೋಗುವದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: 'ನಾನು ಬಿಲ್ಲು ಕೊಟ್ಟೆನು'. ಇಂಗ್ಲಿಷಿನಲ್ಲಿ 'ನಾನು ಕೊಟ್ಟೆನು ಬಿಲ್ಲು' ಎಂಬ ಕ್ರಮ. ನಾವು 'ಮೇಜಿನ ಮೇಲೆ' ಎಂದು 'ಮೇಲೆ'ಯನ್ನು ಹಿಂದೆ ಕಟ್ಟಿದರೆ, ಅವರು 'ಆನ್ ದ ಟೇಬಲ್' ಎಂದು ಮುಂದೆ ಕಟ್ಟುತ್ತಾರೆ. ನಮಗೆ 'ಹಸಿವಾಗುತ್ತದೆ', ಅವರು 'ಹಸಿದಿರುತ್ತಾರೆ'. ಆದುದರಿಂದ ಬಿಡಿ ಶಬ್ದದ ಜೊತೆಗೆ ಒಂದು ಇಡೀ ವಾಕ್ಯವನ್ನು ಕಲಿಯಿರಿ. 'ಪ್ಲೀಜ್ ಗಿವ್ ಮಿ ಎ ಕಾಪಿ', ಅಂದರೆ ನನಗೊಂದು ಪ್ರತಿ ಕೊಡಿರಿ. 'ಐ ವಿಲ್ ಸೈನ್ ಆಫ್ಟರ್ ರೀಡಿಂಗ್', ಅಂದರೆ ಓದಿದ ಮೇಲೆ ಸಹಿ ಹಾಕುತ್ತೇನೆ. ಈ ಎರಡು ವಾಕ್ಯಗಳೇ ನಮ್ಮ ವರ್ಗದ ಮೊದಲ ಪಾಠ.

ಎರಡನೆಯ ಕೀಲಿ ನಾಚಿಕೆ. ತಪ್ಪಾದರೆ ನಗುವರೆಂಬ ಅಂಜಿಕೆ. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯ ಮೇಲೆ ಕುಳಿತು ಗೋಲಿಬಾರು ಎದುರಿಸಿದ ಊರು ಈ ನಿಪ್ಪಾಣಿ. ಆ ಊರಿನವರು ಒಂದು ತಪ್ಪು ವಾಕ್ಯಕ್ಕೆ ಅಂಜಬೇಕೇ? ಈ ವರ್ಗದಲ್ಲಿ ಒಂದೇ ಕಾನೂನು: ತಪ್ಪು ಮಾತಾಡಿದವನಿಗೆ ಶಿಕ್ಷೆಯಿಲ್ಲ, ನಕ್ಕವನಿಗೆ ಎಲ್ಲರ ಚಹಾದ ಖರ್ಚು. ಮೊದಲು ಅಕ್ಕಂದಿರು ಮಾತಾಡಲಿ. ಅವರ ಸರದಿ ಬರುವ ಹೊತ್ತಿಗೆ ಸಭೆ ಮುಗಿಯುವದು ಎಲ್ಲ ಕಡೆಗೂ ನಡೆದುಬಂದ ಅನ್ಯಾಯ, ಇಲ್ಲಿ ನಡೆಯಕೂಡದು.

ನಾಲಿಗೆ ಸಲೀಸಾಗಲು ಒಂದು ಅಭ್ಯಾಸವಿದೆ. ಗೊತ್ತಿದ್ದ ಒಂದೇ ಸಂಗತಿಯನ್ನು, ಉದಾಹರಣೆಗೆ 'ನನ್ನ ಒಂದು ದಿನದ ಕೆಲಸ' ಎಂಬುದನ್ನು, ಮೊದಲು ಒಬ್ಬರ ಮುಂದೆ 4 ನಿಮಿಷ ಹೇಳಿರಿ. ಅದನ್ನೇ ಇನ್ನೊಬ್ಬರ ಮುಂದೆ 3 ನಿಮಿಷದಲ್ಲಿ, ಮತ್ತೊಬ್ಬರ ಮುಂದೆ 2 ನಿಮಿಷದಲ್ಲಿ ಹೇಳಿರಿ. ಮೂರನೆಯ ಸಲಕ್ಕೆ ನಾಲಿಗೆ ತಡವರಿಸುವದು ಕಡಿಮೆಯಾಗುತ್ತದೆ. ಬೀಡಿ ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ದಿನ ಒಂದು ಎಲೆ ಸುತ್ತಲು ಎಷ್ಟು ಹೊತ್ತು ಹಿಡಿಯಿತು, ಇಂದು ಎಷ್ಟು ಹಿಡಿಯುತ್ತದೆ? ಬೆರಳು ಕಲಿತ ರೀತಿಯಲ್ಲೇ ನಾಲಿಗೆಯೂ ಕಲಿಯುತ್ತದೆ.

"ಹೊತ್ತು ಎಲ್ಲೈತ್ರಿ?" ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ತಂಬಾಕಿನ ಕಾಮಗಾರರೇ ಉತ್ತರ ಕೊಟ್ಟಿದ್ದಾರೆ. ದೂರದ ಕ್ಯೂಬಾ ದೇಶದ ಹವಾನಾ ನಗರದಲ್ಲಿ 1865ರಲ್ಲಿ ಚಿರೂಟು ಸುತ್ತುವ ಕಾಮಗಾರರು ಒಂದು ಪದ್ಧತಿ ಹಾಕಿದರು. ಎಲ್ಲರೂ ಚಿರೂಟು ಸುತ್ತುವಾಗ ಒಬ್ಬ ಗಟ್ಟಿಯಾಗಿ ಪತ್ರಿಕೆ, ಪುಸ್ತಕ ಓದುವದು. ಅವನ ಕೂಲಿಯನ್ನು ಉಳಿದವರು ತಮ್ಮ ಪಗಾರದಿಂದ ಕೂಡಿಸಿ ಕೊಡುವದು. ಕೈಗೆ ಕೆಲಸವಿದೆ, ಕಿವಿಗೆ ಇಲ್ಲವಲ್ಲ! ಮರುವರ್ಷವೇ ಸರಕಾರ ಅದನ್ನು ನಿಷೇಧಿಸಿತು. ಓದು ಕೇಳಿದ ಕಾಮಗಾರನನ್ನು ಕಂಡರೆ ಆಳುವವರಿಗೆ ಎಷ್ಟು ಅಂಜಿಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಆ ಪದ್ಧತಿ ಸಾಯಲಿಲ್ಲ. ಮುಂದೆ ತಲೆಮಾರುಗಳ ಕಾಲ ನಡೆಯಿತು. ನಮ್ಮ ಓಣಿಯ ಕಟ್ಟೆಯ ಮೇಲೆ ನಾಲ್ಕು ಜನ ಅಕ್ಕಂದಿರು ಕೂಡಿ ಬೀಡಿ ಕಟ್ಟುವಾಗ, ಶಾಲೆಗೆ ಹೋಗುವ ಮಗಳೊಬ್ಬಳು ಐದು ವಾಕ್ಯ ಓದಲಿ, ಉಳಿದವರು ಹಿಂದೆ ಹೇಳಲಿ. ಇದಕ್ಕೆ ಬೇರೆ ಹೊತ್ತು ಬೇಡ, ಬೇರೆ ಜಾಗ ಬೇಡ.

ಪಾಠದ ಪುಸ್ತಕ ಯಾವುದು? ಬ್ರಾಜಿಲ್ ದೇಶದ ಪಾವ್ಲೊ ಫ್ರೈರೆ 1963ರಲ್ಲಿ ಆಂಜಿಕೊಸ್ ಎಂಬ ಊರಿನಲ್ಲಿ 300 ಜನ ದುಡಿಯುವವರಿಗೆ ಸುಮಾರು 40 ತಾಸಿನ ಪಾಠದಲ್ಲಿ ಓದು-ಬರಹ ಕಲಿಸುವ ಪ್ರಯೋಗ ನಡೆಸಿದರು. ಮಕ್ಕಳ ಪುಸ್ತಕದಿಂದ ಆರಂಭಿಸದೆ, ಆ ಜನರ ಬದುಕಿನಲ್ಲಿ ಭಾರವಾಗಿದ್ದ ಶಬ್ದಗಳಿಂದ ಆರಂಭಿಸಿದರು. ಅವರು ಕಲಿತದ್ದು ತಮ್ಮ ತಾಯ್ನುಡಿಯ ಅಕ್ಷರ. ನಾವು ಕಲಿಯುವದು ಪರಭಾಷೆ. ಆದುದರಿಂದ ನಮಗೆ ಹೆಚ್ಚು ಕಾಲ ಬೇಕು. ಆದರೆ ದಾರಿ ಅದೇ. ನಮ್ಮ ಪಾಠದ ಪುಸ್ತಕ ನಿಮ್ಮ ಕಿಸೆಯಲ್ಲಿದೆ: ಪಗಾರದ ಚೀಟಿ, ಸಾಲದ ಕಾಗದ, ವಿಮೆಯ ಕಾಗದ, ಔಷಧದ ಪೊಟ್ಟಣ, ಮೋಬೈಲಿಗೆ ಬ್ಯಾಂಕಿನಿಂದ ಬಂದ ಸಂದೇಶ. ವೆಸ್ಟರ ಯಾದಿಯಲ್ಲಿ 'ಗ್ಯಾರಂಟರ್' ಸಿಗಲಿಕ್ಕಿಲ್ಲ. ಆದುದರಿಂದ ಸಾಮಾನ್ಯ ಶಬ್ದಗಳ ಯಾದಿಯ ಪಕ್ಕಕ್ಕೆ ನಮ್ಮ ಕಾಗದಗಳ ಇನ್ನೂರು ಶಬ್ದಗಳ ಯಾದಿಯನ್ನು ನಾವೇ ಮಾಡಬೇಕು.

ಸಂಗಾತಿಗಳೇ, ಕೊನೆಯದಾಗಿ ಒಂದು ಎಚ್ಚರಿಕೆ. ಇಂಗ್ಲಿಷು ಕಲಿತೆವೆಂದು ಕನ್ನಡದ ಹಕ್ಕನ್ನು ಬಿಟ್ಟುಕೊಡಬಾರದು. ಭಾರತೀಯ ರಿಜರ್ವ್ ಬ್ಯಾಂಕಿನ 2024ರ ಆದೇಶದಂತೆ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ವೈಯಕ್ತಿಕ ಸಾಲಗಳಿಗೆ ಮತ್ತು ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆ ಮುಖ್ಯ ಸಂಗತಿಗಳ ಪತ್ರವೊಂದನ್ನು ಕೊಡಬೇಕು. ಬಡ್ಡಿ, ಶುಲ್ಕ, ಎಲ್ಲ ಕೂಡಿ ವರ್ಷಕ್ಕೆ ಬೀಳುವ ಖರ್ಚು ಅದರಲ್ಲಿ ಇರಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಅದನ್ನು ಅವನಿಗೆ ತಿಳಿಸಿ ಹೇಳಬೇಕು. ಕನ್ನಡದವರು ಕನ್ನಡದಲ್ಲಿ ಕೇಳಿರಿ, ಮರಾಠಿ ಮನೆಯವರು ಮರಾಠಿಯಲ್ಲಿ ಕೇಳಿರಿ. ಇದು ಯಾರ ಉಪಕಾರವೂ ಅಲ್ಲ. ಮೊದಲು ನಮ್ಮ ಭಾಷೆಯಲ್ಲಿ ಕೇಳುವದು, ಕೊಡದಿದ್ದರೆ ಅವರ ಭಾಷೆಯಲ್ಲಿ ತಕರಾರು ಬರೆಯುವದು. ನಮ್ಮ ಮಕ್ಕಳ ಕಾಲಕ್ಕೆ ತಕರಾರನ್ನೂ ಕನ್ನಡದಲ್ಲೇ ಬರೆದು ನ್ಯಾಯ ಪಡೆಯುವಂತಾಗಲಿ. ಆ ಹೋರಾಟವನ್ನು ನಾವು ನಿಲ್ಲಿಸಿಲ್ಲ, ನಿಲ್ಲಿಸುವದೂ ಇಲ್ಲ.

ಇನ್ನೊಂದು. ಇಂಗ್ಲಿಷು ನಾಲ್ಕು ಅಕ್ಷರ ಬಂದೊಡನೆ ನಮ್ಮವರ ಮುಂದೆಯೇ ಸಾಹೇಬರಾಗುವ ರೋಗವೊಂದಿದೆ. ಆ ರೋಗದವರಿಗೆ ಈ ವರ್ಗದಲ್ಲಿ ಜಾಗವಿಲ್ಲ. ಇಲ್ಲಿ ಕಲಿತವನು ಕಲಿಸತಕ್ಕದ್ದು. ನೆರೆಮನೆಯ ಮುದುಕ ಒಂದು ಕಾಗದ ತಂದರೆ ರೊಕ್ಕ ಕೇಳದೆ ಓದಿ ಹೇಳತಕ್ಕದ್ದು.

ಆದುದರಿಂದ ಇಂದು ಎದ್ದು ಹೋಗುವ ಮೊದಲು ಮೂರು ಮಾತಿಗೆ ನಾವೆಲ್ಲ ಒಪ್ಪೋಣ. ದಿನಕ್ಕೆ ಐದು ಶಬ್ದ ಕಲಿಯುತ್ತೇವೆ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳುತ್ತೇವೆ. ತಿಳಿಯದ ಕಾಗದಕ್ಕೆ, ಕೇಳುವವನು ಎಷ್ಟೇ ದೊಡ್ಡವನಿರಲಿ, ಎಷ್ಟೇ ಸಲಿಗೆಯವನಿರಲಿ, ಓದದೆ ಸಹಿ ಹಾಕುವದಿಲ್ಲ.

ನಾಳೆ ಬರುವಾಗ ಪ್ರತಿಯೊಬ್ಬರೂ ಮನೆಯಿಂದ ಒಂದು ಕಾಗದ ತನ್ನಿರಿ. ಪೆಟ್ಟಿಗೆಯ ತಳದಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಅಡ್ಡಿಯಿಲ್ಲ. ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.